ಏಳು ಸೋಲುಗಳ ನಂತರ ಸಮರ್‌ಖಂಡ್

ಸಮರ್‌ಖಂಡ್ ಎಂಬ ಹೆಸರನ್ನು ಕೇಳದ ಮುಸ್ಲಿಂ ಮನೆಗಳು ಕಡಿಮೆ. ಮದ್ರಸದಲ್ಲಿ ಇಮಾಮ್ ಬುಖಾರಿಯವರ (ರ) ಜೀವನ ಚರಿತ್ರೆ ಓದಿದವರಿಗೆ ಅದು ಅವರು ಮಣ್ಣಾದ ಸೀಮೆ. ಶಾಲೆಯ ಇತಿಹಾಸ ಪುಸ್ತಕ ಓದಿದವರಿಗೆ ಅದು ತೈಮೂರನ ರಾಜಧಾನಿ. ಬಾಬರ್ ಮೂರು ಬಾರಿ ಗೆದ್ದು ಮೂರು ಬಾರಿಯೂ ಕಳೆದುಕೊಂಡ ಪಟ್ಟಣವೂ ಅದೇ. ಅಲ್ಲಿ ನೆಲೆ ಸಿಗದ ಮೇಲೆಯೇ ಆತ ಹಿಂದೂಸ್ತಾನದ ಕಡೆ ಮುಖ ಮಾಡಿದ್ದು.

2025ರ ಸೆಪ್ಟೆಂಬರ್‌ನಲ್ಲಿ ಈ ಪುರಾತನ ನಗರದ ಹೆಸರು ನಮ್ಮ ಪತ್ರಿಕೆಗಳಲ್ಲಿ ಬೇರೆಯೇ ಕಾರಣಕ್ಕೆ ಕಾಣಿಸಿಕೊಂಡಿತು. ಜಗತ್ತಿನ ಅತ್ಯುತ್ತಮ ಚದುರಂಗ ಆಟಗಾರರು ಅಲ್ಲಿ ಸೇರಿದ್ದರು. ಅವರ ನಡುವೆ ಚೆನ್ನೈಯ 24ರ ಹರೆಯದ ಯುವತಿಯೊಬ್ಬರಿದ್ದರು. ಹೆಸರು ವೈಶಾಲಿ. ಕೇವಲ ಒಂದು ತಿಂಗಳ ಹಿಂದೆ ತನ್ನದೇ ಊರಿನಲ್ಲಿ ಸತತವಾಗಿ ಏಳು ಪಂದ್ಯಗಳನ್ನು ಸೋತು, ಮುಂದಿನ ಟೂರ್ನಿಗೆ ಹೋಗುವುದೇ ಬೇಡವೆಂದು ಯೋಚಿಸಿದ್ದವರು ಅವರು. ಆಕೆ ಸಮರ್‌ಖಂಡ್‌ಗೆ ಹೋದದ್ದು ಹೇಗೆ, ಅಲ್ಲಿ ಏನಾಯಿತು ಎಂಬುದನ್ನು ತಿಳಿಯುವ ಮೊದಲು ಆ ಊರನ್ನು ಒಂದು ಸುತ್ತು ನೋಡಿ ಬರೋಣ. ಏಕೆಂದರೆ ಚದುರಂಗಕ್ಕೂ ಆ ಮಣ್ಣಿಗೂ ನಂಟು ಹಳೆಯದು.

ರೈಲು ಇಳಿದ ಮೇಲೆ

ದಿಲ್ಲಿಯಿಂದ ಉಜ್ಬೇಕಿಸ್ತಾನದ ರಾಜಧಾನಿ ತಾಷ್ಕೆಂಟ್‌ಗೆ ವಿಮಾನದಲ್ಲಿ ಸುಮಾರು ಮೂರು ಗಂಟೆಯ ಪಯಣ. ಅಲ್ಲಿಂದ ಸಮರ್‌ಖಂಡ್‌ಗೆ 'ಅಫ್ರೋಸಿಯೋಬ್' ಎಂಬ ವೇಗದ ರೈಲು 2011ರಿಂದ ಓಡುತ್ತಿದೆ. ಕಿಟಕಿಯಾಚೆ ಹತ್ತಿಯ ಹೊಲ, ದೂರದಲ್ಲಿ ಬೋಳು ಬೆಟ್ಟ. ಎರಡು ಗಂಟೆ ಕಳೆಯುವಷ್ಟರಲ್ಲಿ ಸಮರ್‌ಖಂಡ್ ಬಂದು ಬಿಡುತ್ತದೆ.

ಉರ್ದು ಬಲ್ಲವರಿಗೆ ಅಲ್ಲಿ ಕಿವಿ ಪರಕೀಯವೆನಿಸುವುದಿಲ್ಲ. ಪುಸ್ತಕಕ್ಕೆ ಕಿತೋಬ್, ಶಾಲೆಗೆ ಮಕ್ತಬ್, ಸಂತೆಗೆ ಬೋಝೋರ್, ರೊಟ್ಟಿಗೆ ನೋನ್, ಅತಿಥಿಗೆ ಮೆಹ್ಮೋನ್. ಉಪಕಾರ ಮಾಡಿದವರಿಗೆ 'ರಹ್ಮತ್' ಎಂದರೆ ಧನ್ಯವಾದ ಹೇಳಿದಂತೆ. ಎದುರಾದವರು ಬಲಗೈಯನ್ನು ಎದೆಯ ಮೇಲಿಟ್ಟು ಸಲಾಮ್ ಹೇಳುತ್ತಾರೆ. ಊಟಕ್ಕೆ ಕರೆದರೆ ಮೊದಲು ದಸ್ತರ್‌ಖಾನ್ ಹಾಸಿ, ಹಿಡಿಕೆಯಿಲ್ಲದ ಪುಟ್ಟ ಬಟ್ಟಲಿನಲ್ಲಿ ಹಸಿರು ಚಹಾ ಕೊಡುತ್ತಾರೆ.

ಊರಿನ ನಡುವೆ ರೇಗಿಸ್ತಾನ್ ಚೌಕ. ಮೂರು ಕಡೆ ಮೂರು ಮದ್ರಸಗಳು. ಎಡಗಡೆಯದ್ದನ್ನು ತೈಮೂರನ ಮೊಮ್ಮಗ ಉಲುಗ್ ಬೇಗ್ 1417ರಿಂದ 1420ರ ನಡುವೆ ಕಟ್ಟಿಸಿದ. ಉಳಿದೆರಡು 17ನೇ ಶತಮಾನದವು. ಗೋಡೆಗಳ ಮೇಲೆ ಆಕಾಶವೇ ಇಳಿದು ಬಂದಂತೆ ನೀಲಿ ಹೆಂಚುಗಳು. ಉಲುಗ್ ಬೇಗ್ ದೊರೆಯಾಗಿದ್ದರೂ ಮನಸ್ಸು ಇದ್ದದ್ದು ಗಣಿತ ಮತ್ತು ಖಗೋಳ ವಿಜ್ಞಾನದಲ್ಲಿ. ಊರಿನ ಹೊರಗಿನ ದಿಬ್ಬದ ಮೇಲೆ ವೀಕ್ಷಣಾಲಯ ಕಟ್ಟಿಸಿ, ದೂರದರ್ಶಕ ಯಂತ್ರವಿಲ್ಲದ ಆ ಕಾಲದಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಸ್ಥಾನ ಗುರುತಿಸಿದ ಪಟ್ಟಿಯನ್ನು 1437ರಲ್ಲಿ ಸಿದ್ಧಪಡಿಸಿದ. ಅದರ ಭೂಗತ ಭಾಗವನ್ನು 1908ರಲ್ಲಿ ಉತ್ಖನನ ಮಾಡಿ ತೆಗೆಯಲಾಯಿತು. ಈಗಲೂ ಅದನ್ನು ಇಣುಕಿ ನೋಡಬಹುದು.

ಸಿಯೋಬ್ ಬಝಾರಿಗೆ ಹೋಗದೆ ಸಮರ್‌ಖಂಡ್ ನೋಡಿದಂತಾಗುವುದಿಲ್ಲ. ಸೆಪ್ಟೆಂಬರ್ ಅಂದರೆ ಕರಬೂಜ, ದ್ರಾಕ್ಷಿ, ಅಂಜೂರಗಳ ಕಾಲ. ರೊಟ್ಟಿ ಮಾರುವ ಸಾಲಿನಲ್ಲಿ ಕುಳಿತವರಲ್ಲಿ ಹೆಂಗಸರೇ ಹೆಚ್ಚು. ಸಮರ್‌ಖಂಡ್‌ನ ರೊಟ್ಟಿ ದಪ್ಪ, ಭಾರ, ಮೇಲೆ ಹೊಳಪು, ನಡುವೆ ಅಚ್ಚು ಒತ್ತಿದ ಚಿತ್ತಾರ. ಅದನ್ನು ಕವುಚಿ ಇಡುವುದು ಅಲ್ಲಿ ಅಗೌರವ. ಇನ್ನೊಂದು ಪದ್ಧತಿಯೂ ಇದೆ. ಮನೆಯ ಮಗ ದೂರ ಪ್ರಯಾಣಕ್ಕೋ ಸೈನ್ಯಕ್ಕೋ ಹೊರಟಾಗ ಒಂದು ರೊಟ್ಟಿಯನ್ನು ಕಚ್ಚಿ ಒಂದು ತುತ್ತು ತಿಂದು ಹೋಗುತ್ತಾನೆ. ಉಳಿದ ರೊಟ್ಟಿಯನ್ನು ತಾಯಿ ಆತ ಮರಳಿ ಬರುವವರೆಗೆ ಜೋಪಾನವಾಗಿ ಎತ್ತಿಡುತ್ತಾಳೆ.

ಮಣ್ಣಿನಡಿಯ ಏಳು ಕಾಯಿಗಳು

ಹಳೆಯ ಸಮರ್‌ಖಂಡ್ ಇದ್ದದ್ದು ಈಗಿನ ಪಟ್ಟಣದ ಪಕ್ಕದ ಅಫ್ರಾಸಿಯಾಬ್ ದಿಬ್ಬದ ಮೇಲೆ. 1220ರಲ್ಲಿ ಚೆಂಗೀಸ್ ಖಾನನ ಸೇನೆ ಅದನ್ನು ನಾಶಮಾಡಿತು. ಈಗ ಅಲ್ಲಿರುವುದು ಮಣ್ಣು ಗುಡ್ಡೆಗಳು ಮತ್ತು ಒಂದು ವಸ್ತು ಸಂಗ್ರಹಾಲಯ. 1977ರಲ್ಲಿ ಈ ದಿಬ್ಬವನ್ನು ಅಗೆಯುತ್ತಿದ್ದಾಗ ಪುಟ್ಟ ಪುಟ್ಟ ಏಳು ದಂತದ ಗೊಂಬೆಗಳು ಸಿಕ್ಕವು. ಕತ್ತಿ ಗುರಾಣಿ ಹಿಡಿದ ಕಾಲಾಳು, ಕುದುರೆ ಸವಾರ, ಆನೆ, ರಥ. ಅವು ಚದುರಂಗದ ಕಾಯಿಗಳಾಗಿದ್ದವು. ಎಂಟನೇ ಶತಮಾನದವೆಂದು ತಜ್ಞರು ಲೆಕ್ಕ ಹಾಕಿದ್ದಾರೆ. ಜಗತ್ತಿನಲ್ಲಿ ಈವರೆಗೆ ದೊರೆತ ಅತ್ಯಂತ ಹಳೆಯ ಚದುರಂಗದ ಕಾಯಿಗಳಲ್ಲಿ ಇವು ಸೇರಿವೆ.

ಆಟ ಹುಟ್ಟಿದ್ದು ನಮ್ಮ ನೆಲದಲ್ಲಿ. ಆನೆ, ಕುದುರೆ, ರಥ, ಪದಾತಿ ಎಂಬ ನಾಲ್ಕು ಅಂಗಗಳ ಸೇನೆಯೇ ಚತುರಂಗ. ಅದು ಇರಾನಿಗೆ ಹೋಗಿ 'ಚತ್ರಂಗ್' ಆಯಿತು, ಅರಬರ ಬಾಯಿಯಲ್ಲಿ 'ಶತ್ರಂಜ್' ಆಯಿತು. ಬಾಗ್ದಾದಿನ ಖಲೀಫರ ಕಾಲದಲ್ಲಿ ಅಲ್-ಅದ್ಲಿ, ಅಸ್-ಸೂಲಿ ಮುಂತಾದವರು ಈ ಆಟದ ಬಗ್ಗೆ ಗ್ರಂಥಗಳನ್ನೇ ಬರೆದರು. ಮುಸ್ಲಿಮರ ಮೂಲಕವೇ ಅದು ಸ್ಪೇನ್ ತಲುಪಿ ಯುರೋಪಿಗೆ ಹರಡಿತು. ಇಂದು ಇಂಗ್ಲಿಷಿನಲ್ಲಿ ಹೇಳುವ 'ಚೆಕ್‌ಮೇಟ್' ಎಂಬುದು 'ಶಾಹ್ ಮಾತ್' ಎಂಬುದರ ರೂಪಾಂತರ. ದೊರೆ ದಿಕ್ಕೆಟ್ಟ ಎಂದು ಅದರ ಅರ್ಥ.

ಈ ಆಟದ ಕುರಿತು ನಮ್ಮ ವಿದ್ವಾಂಸರಲ್ಲಿ ಒಮ್ಮತವಿರಲಿಲ್ಲ. ಕೆಲವರು ನಿಷಿದ್ಧವೆಂದರು, ಕೆಲವರು ಅನಪೇಕ್ಷಣೀಯವೆಂದರು. ಅವಕಾಶ ಕೊಟ್ಟವರು ಶರತ್ತು ಹಾಕಿದರು: ಪಣ ಕಟ್ಟಬಾರದು, ನಮಾಝ್ ತಪ್ಪಬಾರದು, ಬಾಯಿಂದ ಕೆಟ್ಟ ಮಾತು ಬರಬಾರದು. ಆಟದಲ್ಲಿ ಮೈಮರೆಯುವವರಿಗೆಲ್ಲ ಇದು ಇಂದಿಗೂ ಒಪ್ಪುವ ಎಚ್ಚರಿಕೆ.

ತೈಮೂರನಿಗಂತೂ ಚದುರಂಗದ ಹುಚ್ಚು. ಆತನ ಆಸ್ಥಾನದಲ್ಲಿ 112 ಮನೆಗಳ ದೊಡ್ಡ ಹಾಸಿನ ಮೇಲೂ ಆಡುತ್ತಿದ್ದರು. ಆಟದಲ್ಲಿ ಎದುರಾಳಿಯ ದೊರೆಗೂ ರುಖ್‌ಗೂ ಏಕಕಾಲಕ್ಕೆ ಪೆಟ್ಟು ಬೀಳುವ ನಡೆ ನಡೆಸಿದ ಹೊತ್ತಿನಲ್ಲೇ ಮಗ ಹುಟ್ಟಿದ ಸುದ್ದಿ ಬಂದದ್ದರಿಂದ ಮಗುವಿಗೆ ಶಾಹ್‌ರುಖ್ ಎಂದು ಹೆಸರಿಟ್ಟನೆಂದು ಹಳೆಯ ಚರಿತ್ರೆಕಾರರು ಬರೆದಿದ್ದಾರೆ. ಆ ಶಾಹ್‌ರುಖ್‌ನ ಮಗನೇ ಉಲುಗ್ ಬೇಗ್. ಮೂವರೂ ಗೂರ್-ಎ-ಅಮೀರ್ ಎಂಬ ಒಂದೇ ಗುಮ್ಮಟದಡಿ ಮಲಗಿದ್ದಾರೆ.

ಇನ್ನೊಂದು ಸ್ವಾರಸ್ಯ. ನಾವು ಇಂದು 'ರಾಣಿ' ಎನ್ನುವ ಕಾಯಿ ಆ ಕಾಲದಲ್ಲಿ ರಾಣಿಯಾಗಿರಲಿಲ್ಲ. ಅದು ಮಂತ್ರಿ. ಉಜ್ಬೇಕರು ಈಗಲೂ ಅದನ್ನು 'ಫರ್ಝೀನ್' ಎನ್ನುತ್ತಾರೆ. ಮೂಲೆಗೆ ಒಂದೇ ಮನೆ ಜರುಗಬಲ್ಲ ಬಡಪಾಯಿ ಅದು. 15ನೇ ಶತಮಾನದ ಕೊನೆಯ ಹೊತ್ತಿಗೆ ಯುರೋಪಿನಲ್ಲಿ ನಿಯಮ ಬದಲಾಗಿ, ರಾಣಿಯೆಂಬ ಹೆಸರು ಪಡೆದಿದ್ದ ಆ ಕಾಯಿಗೆ ಹಾಸಿನ ಉದ್ದಗಲ ಸಂಚರಿಸುವ ಶಕ್ತಿ ಬಂತು. ಅತ್ಯಂತ ದುರ್ಬಲ ಕಾಯಿಗಳಲ್ಲಿ ಒಂದಾಗಿದ್ದದ್ದು ಅತ್ಯಂತ ಬಲಶಾಲಿಯಾಯಿತು.

ತಾಯಂದಿರ ಊರು

ಸಮರ್‌ಖಂಡ್ ಅಂದರೆ ದೊರೆಗಳ ಊರೆಂದು ನಾವು ತಿಳಿದಿದ್ದೇವೆ. ಆದರೆ ಕಣ್ತೆರೆದು ನೋಡಿದರೆ ಹೆಂಗಸರ ಗುರುತುಗಳೇ ಬಹಳ. ಪ್ರವಾದಿವರ್ಯರ (ಸ) ಚಿಕ್ಕಪ್ಪ ಅಬ್ಬಾಸ್‌ರ ಪುತ್ರ ಕುಸಮ್‌ರ (ರ) ಹೆಸರಿನಲ್ಲಿರುವ ಶಾಹಿ ಝಿಂದಾ ಸಮಾಧಿ ಸಮುಚ್ಚಯಕ್ಕೆ ಮೆಟ್ಟಿಲು ಹತ್ತಿ ಹೋದರೆ ಇಕ್ಕೆಲಗಳಲ್ಲಿ ತೈಮೂರನ ಮನೆತನದ ಹೆಂಗಸರ ಗೋರಿಗಳಿವೆ. ಅವುಗಳಲ್ಲಿ ಅತ್ಯಂತ ಸುಂದರವಾದುದೊಂದು ಎಳೆಯ ಪ್ರಾಯದಲ್ಲಿ ತೀರಿಕೊಂಡ ಶಾದಿ ಮುಲ್ಕ್ ಎಂಬ ಹುಡುಗಿಯದ್ದು. ಅದನ್ನು ಕಟ್ಟಿಸಿದ್ದು ಆಕೆಯ ತಾಯಿ, ತೈಮೂರನ ಸಹೋದರಿ. ಆ ತಾಯಿಯನ್ನೂ ನಂತರ ಮಗಳ ಪಕ್ಕದಲ್ಲೇ ದಫನ ಮಾಡಲಾಯಿತು.

ಬಝಾರಿನ ಪಕ್ಕದಲ್ಲಿರುವ ಬೃಹತ್ ಮಸ್ಜಿದ್ 'ಬೀಬಿ ಖಾನುಮ್' ಹೆಸರಿನದ್ದು. ಆಕೆ ತೈಮೂರನ ಪಟ್ಟದರಸಿ ಸರಾಯ್ ಮುಲ್ಕ್ ಖಾನುಮ್. ಪುಟ್ಟ ಉಲುಗ್ ಬೇಗನನ್ನು ಸಾಕಿ ಬೆಳೆಸಿದ್ದು ಆಕೆಯೇ. ದಿಲ್ಲಿಯನ್ನು ಕೊಳ್ಳೆ ಹೊಡೆದು ಮರಳಿದ ತೈಮೂರ್ 1399ರಲ್ಲಿ ಈ ಮಸ್ಜಿದ್ ಕಟ್ಟಲು ತೊಡಗಿದಾಗ ಕಲ್ಲು ಸಾಗಿಸಲು ಹಿಂದೂಸ್ತಾನದಿಂದ ತಂದ ಆನೆಗಳನ್ನು ಬಳಸಿದ. ಆ ಸುಂದರ ಗೋಡೆಗಳ ಹಿಂದೆ ದಿಲ್ಲಿಯ ಜನರ ಕಣ್ಣೀರೂ ಇದೆ ಎಂಬುದನ್ನು ಭಾರತದಿಂದ ಹೋದವರು ಮರೆಯುವಂತಿಲ್ಲ.

ನಗರದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ಇಮಾಮ್ ಬುಖಾರಿಯವರ (ರ) ಸಮಾಧಿಯಿದೆ. ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡ ಅವರನ್ನು ಬೆಳೆಸಿದ್ದು ವಿಧವೆ ತಾಯಿ. ಹದಿಹರೆಯದ ಮಗನನ್ನು ಹಜ್ಜ್ ಯಾತ್ರೆಗೆ ಕರೆದೊಯ್ದ ಆಕೆ, ಹದೀಸ್ ಕಲಿಯಲೆಂದು ಮಗನನ್ನು ಮಕ್ಕಾದಲ್ಲೇ ಬಿಟ್ಟು ಊರಿಗೆ ಮರಳಿದರು. ಬುಖಾರಾದಿಂದ ಮಕ್ಕಾಗೆ ಮರುಭೂಮಿಗಳನ್ನು ದಾಟಿ ತಿಂಗಳುಗಟ್ಟಲೆ ಹೋಗಬೇಕಾದ ಕಾಲವದು. ಮಗನ ಕಲಿಕೆಗಾಗಿ ಅಗಲಿಕೆಯನ್ನು ಒಪ್ಪಿಕೊಂಡ ಆ ತಾಯಿಯ ನೆನಪಿಲ್ಲದೆ 'ಸಹೀಹುಲ್ ಬುಖಾರಿ'ಯ ಕಥೆ ಪೂರ್ತಿಯಾಗದು.

ಈ ತಾಯಂದಿರ ಮಾತು ಬಂದದ್ದರಿಂದಲೇ ಈಗ ವೈಶಾಲಿಯ ಕಥೆಗೆ ಬರಬಹುದು.

ಟಿ.ವಿ. ಬಿಡಿಸಲು ಕಲಿಸಿದ ಆಟ

ವೈಶಾಲಿ ಹುಟ್ಟಿದ್ದು 2001ರಲ್ಲಿ ಚೆನ್ನೈಯಲ್ಲಿ. ತಂದೆ ರಮೇಶ್‌ಬಾಬು ಬ್ಯಾಂಕ್ ಉದ್ಯೋಗಿ. ಪೋಲಿಯೋದಿಂದಾಗಿ ಓಡಾಟ ಕಷ್ಟ. ತಾಯಿ ನಾಗಲಕ್ಷ್ಮಿ ಗೃಹಿಣಿ. ಮಗಳು ಸದಾ ಟಿ.ವಿ. ಮುಂದೆ ಕುಳಿತಿರುತ್ತಾಳೆಂಬ ಚಿಂತೆಯಿಂದ ಹೆತ್ತವರು ಆಕೆಯನ್ನು ಚದುರಂಗದ ತರಗತಿಗೆ ಸೇರಿಸಿದರು. ಅಕ್ಕನ ಆಟ ನೋಡುತ್ತಾ ನೋಡುತ್ತಾ ಪುಟ್ಟ ತಮ್ಮನೂ ಹಾಸಿನ ಮುಂದೆ ಕುಳಿತ. ಆತನೇ ಇಂದು ಜಗತ್ಪ್ರಸಿದ್ಧನಾಗಿರುವ ಪ್ರಜ್ಞಾನಂದ.

2013ರಲ್ಲಿ ಮ್ಯಾಗ್ನಸ್ ಕಾರ್ಲ್‌ಸನ್ ಚೆನ್ನೈಗೆ ಬಂದು ಹಲವರೊಂದಿಗೆ ಏಕಕಾಲಕ್ಕೆ ಆಡಿದಾಗ, 12 ವರ್ಷದ ವೈಶಾಲಿ ಅವರನ್ನು ಸೋಲಿಸಿದ್ದಳು. ಆದರೆ ಮುಂದೆ ತಮ್ಮನ ಕೀರ್ತಿ ಅಕ್ಕನನ್ನು ದಾಟಿ ಹೋಯಿತು. ಆಕೆಯನ್ನು 'ಪ್ರಜ್ಞಾನಂದನ ಅಕ್ಕ' ಎಂದೇ ಜನ ಗುರುತಿಸತೊಡಗಿದರು. ಮನೆಯಲ್ಲಿ ಬುದ್ಧಿವಂತ ತಮ್ಮನಿರುವ ಎಷ್ಟು ಅಕ್ಕಂದಿರಿಗೆ ಈ ಅನುಭವವಿಲ್ಲ! ವೈಶಾಲಿ ಆಟ ಬಿಡಲಿಲ್ಲ. 2023ರ ಡಿಸೆಂಬರ್‌ನಲ್ಲಿ ಸ್ಪೇನ್‌ನಲ್ಲಿ ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಬೇಕಾದ ಅಂಕಗಳನ್ನು ಪೂರ್ತಿಗೊಳಿಸಿದರು. ಹಂಪಿ ಮತ್ತು ಹಾರಿಕಾ ಬಳಿಕ ಈ ಪದವಿ ಪಡೆದ ಭಾರತದ ಮೂರನೇ ಮಹಿಳೆ. ಒಂದೇ ಮನೆಯ ಅಕ್ಕ ತಮ್ಮ ಇಬ್ಬರೂ ಗ್ರ್ಯಾಂಡ್‌ಮಾಸ್ಟರ್ ಆದದ್ದು ಜಗತ್ತಿನಲ್ಲೇ ಮೊದಲು.

ಮಕ್ಕಳ ಜೊತೆ ದೇಶ ದೇಶ ಸುತ್ತಿದವರು ತಾಯಿ. ಪರವೂರಿನ ಹೋಟೆಲ್ ಕೋಣೆಯಲ್ಲೂ ಮಕ್ಕಳಿಗೆ ಬಿಸಿ ಅನ್ನ, ರಸಂ ಸಿಗಬೇಕೆಂದು ವಿದ್ಯುತ್ ಒಲೆಯನ್ನೂ ಪಾತ್ರೆಯನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ಪಂದ್ಯ ನಡೆಯುವ ಸಭಾಂಗಣದ ಮೂಲೆಯಲ್ಲಿ ಸೀರೆಯುಟ್ಟು ಸುಮ್ಮನೆ ಕುಳಿತ ಅವರ ಚಿತ್ರವನ್ನು ಹಲವರು ಪತ್ರಿಕೆಗಳಲ್ಲಿ ನೋಡಿರಬಹುದು.

ಇಂತಹ ವೈಶಾಲಿಗೆ 2025 ಕಷ್ಟದ ವರ್ಷವಾಯಿತು. ಜುಲೈಯಲ್ಲಿ ಮಹಿಳಾ ವಿಶ್ವಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಚೀನಾದ ತಾನ್ ಝೋಂಗ್‌ಯಿ ಎದುರು ಸೋತರು. ಆ ವಿಶ್ವಕಪ್ ಗೆದ್ದದ್ದು ನಾಗಪುರದ 19ರ ದಿವ್ಯಾ ದೇಶ್‌ಮುಖ್. ಆಗಸ್ಟ್‌ನಲ್ಲಿ ಚೆನ್ನೈ ಗ್ರ್ಯಾಂಡ್ ಮಾಸ್ಟರ್ಸ್ ಟೂರ್ನಿಯ ಚಾಲೆಂಜರ್ಸ್ ವಿಭಾಗದಲ್ಲಿ ಸತತ ಏಳು ಸೋಲು. ಅದೂ ಸ್ವಂತ ಊರಿನಲ್ಲಿ, ಗುರುತಿನವರೆಲ್ಲರ ಕಣ್ಣೆದುರಿನಲ್ಲಿ. ಚದುರಂಗದಲ್ಲಿ ಸೋಲು ಬೇರೆ ಆಟಗಳಂತಲ್ಲ. ದೂರಲು ಜೊತೆಗಾರರಿಲ್ಲ, ಗಾಳಿಯಿಲ್ಲ, ಮಳೆಯಿಲ್ಲ. ನಾಲ್ಕೈದು ಗಂಟೆ ಕುಳಿತು ತಾನೇ ಯೋಚಿಸಿ ನಡೆಸಿದ ನಡೆಗಳಿಂದ ತಾನೇ ಸೋಲಬೇಕು. ಮರುದಿನ ಮತ್ತೆ ಅದೇ ಕುರ್ಚಿಯಲ್ಲಿ ಕೂರಬೇಕು. ಸಮರ್‌ಖಂಡ್‌ಗೆ ಹೋಗುವುದು ಬೇಡವೆಂದು ಅವರಿಗೆ ಅನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆಪ್ತರು ಮನವೊಲಿಸಿದರು. ವೈಶಾಲಿ ಹೊರಟರು.

ಹನ್ನೊಂದು ಸುತ್ತು

ಸಮರ್‌ಖಂಡ್‌ನ ಹೊರವಲಯದಲ್ಲಿ, ದೋಣಿ ಸ್ಪರ್ಧೆಗೆಂದು ತೋಡಿದ ಉದ್ದನೆಯ ಕಾಲುವೆಯ ಬದಿಯಲ್ಲಿ 'ಸಿಲ್ಕ್ ರೋಡ್ ಸಮರ್‌ಖಂಡ್' ಎಂಬ ಹೊಸ ಪ್ರವಾಸಿ ಕೇಂದ್ರವಿದೆ. 2022ರಲ್ಲಿ ಅದು ತೆರೆಯಿತು. ಫಿಡೆ ಗ್ರ್ಯಾಂಡ್ ಸ್ವಿಸ್ ಟೂರ್ನಿ 2025ರ ಸೆಪ್ಟೆಂಬರ್ 4ರಿಂದ 15ರವರೆಗೆ ನಡೆದದ್ದು ಅಲ್ಲೇ. ಹಳೆಯ ನಗರದ ನೀಲಿ ಗುಮ್ಮಟಗಳಿಂದ ಅಲ್ಲಿಗೆ ಟ್ಯಾಕ್ಸಿಯಲ್ಲಿ ಹೋಗಬೇಕು.

ಸ್ವಿಸ್ ಪದ್ಧತಿಯಲ್ಲಿ ಸೋತವರು ಮನೆಗೆ ಹೋಗುವುದಿಲ್ಲ. ಎಲ್ಲರೂ ಹನ್ನೊಂದು ಸುತ್ತು ಆಡಬೇಕು. ಗೆದ್ದರೆ ಒಂದು ಅಂಕ, ಸಮವಾದರೆ ಅರ್ಧ. ಪ್ರತಿ ಸುತ್ತಿನಲ್ಲೂ ಸರಿಸುಮಾರು ಸಮಾನ ಅಂಕ ಗಳಿಸಿದವರು ಎದುರೆದುರಾಗುತ್ತಾರೆ. ಹೀಗಾಗಿ ಗೆಲ್ಲುತ್ತಾ ಹೋದಷ್ಟೂ ಎದುರಾಳಿ ಗಟ್ಟಿಯಾಗುತ್ತಾ ಹೋಗುತ್ತಾರೆ. ಇಲ್ಲಿ ಮೊದಲ ಎರಡು ಸ್ಥಾನ ಪಡೆದವರಿಗೆ 'ಕ್ಯಾಂಡಿಡೇಟ್ಸ್' ಟೂರ್ನಿಗೆ ಪ್ರವೇಶ. ಅದನ್ನು ಗೆದ್ದವರು ವಿಶ್ವ ಚಾಂಪಿಯನ್‌ಗೆ ಸವಾಲು ಹಾಕುತ್ತಾರೆ.

ಆ ಹನ್ನೆರಡು ದಿನಗಳಲ್ಲಿ ಹಿರಿಯರು ತತ್ತರಿಸಿದರು, ಎಳೆಯರು ಮೆರೆದರು. ಮುಕ್ತ ವಿಭಾಗದ ಐದನೇ ಸುತ್ತಿನಲ್ಲಿ ಅಮೆರಿಕದ 16ರ ಅಭಿಮನ್ಯು ಮಿಶ್ರಾ, ಆಗಿನ ವಿಶ್ವ ಚಾಂಪಿಯನ್ ಗುಕೇಶ್‌ರನ್ನು ಸೋಲಿಸಿದ. ಹಾಲಿ ವಿಶ್ವ ಚಾಂಪಿಯನ್‌ನನ್ನು ದೀರ್ಘಾವಧಿಯ ಪಂದ್ಯದಲ್ಲಿ ಇಷ್ಟು ಎಳೆಯ ಪ್ರಾಯದಲ್ಲಿ ಸೋಲಿಸಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಗುಕೇಶ್ ಅದರ ಮರುದಿನವೂ ಸೋತರು. ನಂತರದ ಸುತ್ತಿನಲ್ಲಿ ತುರ್ಕಿಯ ಹದಿಹರೆಯದ ಎದಿಝ್ ಗುರೆಲ್ ಎದುರೂ ಸೋತರು. ಎಂಟನೇ ಸುತ್ತಿನಲ್ಲಿ ಅವರೆದುರು ಕುಳಿತದ್ದು ಮುಕ್ತ ವಿಭಾಗದಲ್ಲಿ ಆಡುವ ಧೈರ್ಯ ತೋರಿದ್ದ ದಿವ್ಯಾ. ಪಂದ್ಯ ಸಮವಾಯಿತು. ಹತ್ತೊಂಬತ್ತರ ವಿಶ್ವ ಚಾಂಪಿಯನ್‌ಗೂ ಸಾಲು ಸೋಲಿನ ಕಹಿ ತಪ್ಪದು ಎಂಬುದಕ್ಕೆ ಸಮರ್‌ಖಂಡ್ ಸಾಕ್ಷಿಯಾಯಿತು.

ಮಹಿಳಾ ವಿಭಾಗದಲ್ಲಿ ವೈಶಾಲಿ ಗೆಲ್ಲುತ್ತಾ ಮೇಲೇರಿದರು. ಎಂಟನೇ ಸುತ್ತಿನಲ್ಲಿ ಕಝಾಕಿಸ್ತಾನದ ಬೀಬಿಸಾರಾ ಅಸಾವುಬಾಯೆವಾ ತಡೆದರು. ಬೀಬಿಸಾರಾ ಕೂಡ ಎಳೆಯಳೇ. 17ರ ಪ್ರಾಯದಲ್ಲಿ, 2021ರಲ್ಲಿ, ಮಿಂಚಿನ ವೇಗದ ಬ್ಲಿಟ್ಝ್ ಆಟದ ಮಹಿಳಾ ವಿಶ್ವ ಚಾಂಪಿಯನ್ ಆದಾಕೆ. ಚೆನ್ನೈಯಲ್ಲಿ ಒಂದು ಸೋಲು ಏಳಾಗಿ ಬೆಳೆದಿತ್ತು. ಇಲ್ಲಿ ಹಾಗಾಗಲಿಲ್ಲ. ಹತ್ತನೇ ಸುತ್ತಿನಲ್ಲಿ ಮಾಜಿ ವಿಶ್ವ ಚಾಂಪಿಯನ್, ಉಕ್ರೇನ್‌ನ ಮರಿಯಾ ಮುಝಿಚುಕ್‌ರನ್ನು ವೈಶಾಲಿ ಸೋಲಿಸಿದರು.

ಕೊನೆಯ ಸುತ್ತಿನ ಎದುರಾಳಿ ಯಾರು ಗೊತ್ತೇ? ಅದೇ ತಾನ್ ಝೋಂಗ್‌ಯಿ, ಜುಲೈಯಲ್ಲಿ ವಿಶ್ವಕಪ್‌ನಿಂದ ಹೊರಹಾಕಿದ್ದಾಕೆ. ಈ ಬಾರಿ ಪಂದ್ಯ ಸಮವಾಯಿತು. ಆರು ಗೆಲುವು, ನಾಲ್ಕು ಸಮ, ಒಂದು ಸೋಲು. ಒಟ್ಟು ಎಂಟು ಅಂಕ. ರಷ್ಯಾದ ಕತೆರಿನಾ ಲಾಗ್ನೊ ಅಷ್ಟೇ ಅಂಕ ಗಳಿಸಿದ್ದರೂ ಟೈಬ್ರೇಕ್ ಲೆಕ್ಕದಲ್ಲಿ ವೈಶಾಲಿ ಮುಂದಿದ್ದರು. 2023ರಲ್ಲಿ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ಗೆದ್ದ ಪ್ರಶಸ್ತಿಯನ್ನು ಅವರು ಸಮರ್‌ಖಂಡ್‌ನಲ್ಲಿ ಉಳಿಸಿಕೊಂಡರು. 2026ರ ಕ್ಯಾಂಡಿಡೇಟ್ಸ್‌ಗೆ ಅರ್ಹತೆಯೂ ದೊರೆಯಿತು.

ಕೈ ಕುಲುಕದ ಪ್ರಸಂಗ

ಉಜ್ಬೇಕಿಸ್ತಾನದ ಚದುರಂಗದ ಹುಡುಗರ ಬಗ್ಗೆಯೂ ಎರಡು ಮಾತು ಹೇಳಬೇಕು. ಆ ದೇಶದ ರುಸ್ತಮ್ ಕಾಸಿಮ್‌ಜಾನೊವ್ 2004ರಲ್ಲಿ ಫಿಡೆ ವಿಶ್ವ ಚಾಂಪಿಯನ್ ಆಗಿದ್ದರು. ಮುಂದೆ ನಮ್ಮ ವಿಶ್ವನಾಥನ್ ಆನಂದ್‌ರ ಸಹಾಯಕರಾಗಿ ದುಡಿದರು. 2021ರಲ್ಲಿ 17ರ ನೊದಿರ್‌ಬೇಕ್ ಅಬ್ದುಸತ್ತೊರೊವ್ ರ್‍ಯಾಪಿಡ್ ವಿಶ್ವ ಚಾಂಪಿಯನ್ ಆದ. 2022ರಲ್ಲಿ ಚೆನ್ನೈ ಸಮೀಪದ ಮಾಮಲ್ಲಪುರದಲ್ಲಿ ನಡೆದ ಒಲಿಂಪಿಯಾಡ್‌ನಲ್ಲಿ ಯಾರೂ ನಿರೀಕ್ಷಿಸದಂತೆ ಚಿನ್ನ ಗೆದ್ದದ್ದು ಈ ಎಳೆಯರ ತಂಡ. 2025ರ ನವೆಂಬರ್‌ನಲ್ಲಿ ನಮ್ಮ ನೆರೆಯ ಗೋವಾದಲ್ಲಿ ವಿಶ್ವಕಪ್ ಗೆದ್ದದ್ದೂ ತಾಷ್ಕೆಂಟ್‌ನ 19ರ ಜವೋಖಿರ್ ಸಿಂದರೊವ್.

ಆ ಒಲಿಂಪಿಯಾಡ್ ತಂಡದ ಇನ್ನೊಬ್ಬ ಆಟಗಾರ ನೊದಿರ್‌ಬೇಕ್ ಯಾಕುಬ್ಬೊಯೆವ್. 2025ರ ಜನವರಿಯಲ್ಲಿ ನೆದರ್‌ಲ್ಯಾಂಡ್ಸ್‌ನ ವೈಕ್ ಆನ್ ಝೀ ಎಂಬ ಕಡಲೂರಿನಲ್ಲಿ ಪಂದ್ಯಕ್ಕೆ ಮೊದಲು ವೈಶಾಲಿ ಕೈ ಚಾಚಿದಾಗ ಆತ ಕೈ ಕುಲುಕಲಿಲ್ಲ. ದೃಶ್ಯ ಎಲ್ಲೆಡೆ ಹರಡಿ, ಬಾಯಿಗೆ ಬಂದಂತೆ ಮಾತನಾಡುವವರಿಗೆ ಹಬ್ಬವಾಯಿತು. ಧಾರ್ಮಿಕ ಕಾರಣದಿಂದ ತಾನು ಪರಸ್ತ್ರೀಯರನ್ನು ಮುಟ್ಟುವುದಿಲ್ಲ, ಮಹಿಳೆಯರ ಮೇಲೂ ಭಾರತದ ಆಟಗಾರರ ಮೇಲೂ ತನಗೆ ಗೌರವವಿದೆ, ನೋವಾಗಿದ್ದರೆ ಕ್ಷಮಿಸಬೇಕು ಎಂದು ಆತ ತಿಳಿಸಿದರು. ಅಷ್ಟಕ್ಕೇ ನಿಲ್ಲಿಸದೆ ಹೂ ಮತ್ತು ಚಾಕಲೇಟ್ ಹಿಡಿದು ವೈಶಾಲಿಯನ್ನು ಕಂಡು ಮಾತಾಡಿದರು. ಬೇಸರ ಪಡಬೇಕಾಗಿಲ್ಲ, ತನಗೆ ಅರ್ಥವಾಗುತ್ತದೆ ಎಂದು ವೈಶಾಲಿ ಸಮಾಧಾನ ಹೇಳಿದರು. ಹೊರಗಿನವರು ಜಗಳ ಮಾಡುತ್ತಿರುವಾಗ, ಜಗಳವಾಡಬೇಕಾಗಿದ್ದ ಇಬ್ಬರು ಎರಡು ಸೌಜನ್ಯದ ಮಾತುಗಳಲ್ಲಿ ವಿಷಯ ಮುಗಿಸಿದ್ದರು. ತನ್ನ ನಂಬಿಕೆಯನ್ನು ಬಿಡದೆಯೂ ಇನ್ನೊಬ್ಬರ ಮನಸ್ಸನ್ನು ಕಾಯಬಹುದು. ಅದಕ್ಕೆ ನಡೆದು ಹೋಗಿ ಮಾತಾಡುವ ವಿನಯ ಬೇಕು, ಕೇಳಿಸಿಕೊಳ್ಳುವ ದೊಡ್ಡ ಮನಸ್ಸೂ ಬೇಕು.

ಫಾತಿಮಾ ಎಂಬ ಹೆಸರು

ವೈಶಾಲಿಯ ಗೆಲುವನ್ನು ಓದುವಾಗ ಚದುರಂಗದ ಚರಿತ್ರೆಯ ಇನ್ನೊಂದು ಹೆಸರು ನೆನಪಾಗದಿರದು. 1933ರಲ್ಲಿ ಇಂಗ್ಲೆಂಡಿನ ಹೇಸ್ಟಿಂಗ್ಸ್‌ನಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್‌ಶಿಪ್ ನಡೆಯಿತು. ಗೆದ್ದಾಕೆಯನ್ನು ಪತ್ರಿಕೆಗಳು 'ಮಿಸ್ ಫಾತಿಮಾ' ಎಂದು ಕರೆದವು. ಅವಿಭಜಿತ ಭಾರತದ ಪಂಜಾಬಿನಿಂದ ಬಂದಿದ್ದ, ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರ ಮನೆಯಲ್ಲಿ ಸೇವಕಿಯಾಗಿದ್ದ ಯುವತಿ. ಹನ್ನೊಂದು ಪಂದ್ಯಗಳಲ್ಲಿ ಹತ್ತೂವರೆ ಅಂಕ ಗಳಿಸಿದಳು. ಅದೇ ಮನೆಯ ಮೀರ್ ಸುಲ್ತಾನ್ ಖಾನ್ ಪುರುಷರ ವಿಭಾಗದಲ್ಲಿ ಅದೇ ವರ್ಷ, ಅದೇ ಊರಿನಲ್ಲಿ ಗೆದ್ದರು. ಅದು ಅವರ ಮೂರನೆಯ ಬ್ರಿಟಿಷ್ ಪ್ರಶಸ್ತಿ. ಸುಲ್ತಾನ್ ಖಾನ್‌ಗೆ 2024ರಲ್ಲಿ, ಅವರು ತೀರಿಕೊಂಡು ಎಷ್ಟೋ ವರ್ಷಗಳ ನಂತರ, ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ನೀಡಲಾಯಿತು.

ಫಾತಿಮಾ? ಯಜಮಾನರು ಊರಿಗೆ ಮರಳುವಾಗ ಆಕೆಯೂ ಮರಳಿದಳು. ಆ ಬಳಿಕ ದೊಡ್ಡ ಟೂರ್ನಿಗಳಲ್ಲಿ ಆಕೆಯ ಹೆಸರು ಕಾಣಿಸಲಿಲ್ಲ. ಪ್ರತಿಭೆ ಕಡಿಮೆಯಿತ್ತೆಂದು ಆ ಹತ್ತೂವರೆ ಅಂಕ ನೋಡಿದ ಯಾರೂ ಹೇಳಲಾರರು. ಮುಂದಿನ ಟೂರ್ನಿಗೆ ಹೋಗಬೇಕೇ ಬೇಡವೇ ಎಂದು ತೀರ್ಮಾನಿಸುವ ಅಧಿಕಾರ ಆಕೆಯ ಕೈಯಲ್ಲಿರಲಿಲ್ಲ. ಅನ್ನದ ಪಾತ್ರೆ ಹೊತ್ತು ಜೊತೆಗೆ ಬರುವ ತಾಯಿಯೂ ಆ ದೂರದೂರಿನಲ್ಲಿ ಇರಲಿಲ್ಲ.

ವೈಶಾಲಿ ಏಳು ಸೋತರೂ ಎಂಟನೆಯ ಬಾರಿಗೆ ಕೂರಲು ಕುರ್ಚಿಯಿತ್ತು. ಫಾತಿಮಾ ಒಂದನ್ನೂ ಸೋಲದೆ ಗೆದ್ದರೂ ಮುಂದೆ ಕುರ್ಚಿ ಸಿಗಲಿಲ್ಲ. ಇವೆರಡರ ನಡುವಿನ ವ್ಯತ್ಯಾಸ ಬುದ್ಧಿಯದ್ದಲ್ಲ, ಬೆನ್ನ ಹಿಂದೆ ನಿಂತವರದ್ದು.

ನಮ್ಮ ಮನೆಗಳಲ್ಲಿ ಮಗಳು ಒಂದು ಪರೀಕ್ಷೆಯಲ್ಲಿ ಎಡವಿದರೆ, ಇನ್ನು ಓದು ಸಾಕು ಎನ್ನುವ ಮಾತು ಎಷ್ಟು ಬೇಗ ಬರುತ್ತದೆ! ಮಗ ಅದೇ ಪರೀಕ್ಷೆಯಲ್ಲಿ ಎಡವಿದರೆ ಟ್ಯೂಷನ್ ಹುಡುಕುತ್ತೇವೆ. ಗೆದ್ದ ಮಗಳನ್ನು ಹೊಗಳಲು ಊರಿಡೀ ಜನ ಬರುತ್ತಾರೆ. ಸೋತ ಮಗಳಿಗೆ 'ಪರವಾಗಿಲ್ಲ, ಇನ್ನೊಮ್ಮೆ ಹೋಗಿ ಬಾ' ಎನ್ನಲು ಮನೆಯವರೇ ಬೇಕು. ಅದು ಚದುರಂಗವಾಗಲಿ, ಹಿಫ್ಝ್ ಆಗಲಿ, ಪಿಯುಸಿ ಆಗಲಿ, ಹೊಲಿಗೆಯ ತರಬೇತಿಯಾಗಲಿ. ಸಮರ್‌ಖಂಡ್‌ಗೆ ಎಂದಾದರೂ ಹೋಗುವ ಅವಕಾಶ ಸಿಕ್ಕರೆ ರೇಗಿಸ್ತಾನ್ ಚೌಕದ ಜೊತೆಗೆ ಅಫ್ರಾಸಿಯಾಬ್ ದಿಬ್ಬವನ್ನೂ ನೋಡಿ ಬನ್ನಿ. ಅವಕಾಶ ಸಿಗದಿದ್ದರೂ ನಷ್ಟವಿಲ್ಲ. ಅಡುಗೆ ಮನೆಯ ಬಾಗಿಲ ಬಳಿ ಫಲಿತಾಂಶದ ಕಾಗದ ಹಿಡಿದು ತಲೆ ತಗ್ಗಿಸಿ ನಿಂತ ಮಗಳಿದ್ದರೆ, ಮೊದಲು ಆಕೆಯನ್ನು ಕೂರಿಸಿ ಒಂದು ಲೋಟ ಚಹಾ ಕೊಡಿ. ಉಳಿದ ಮಾತು ಆಮೇಲೆ ಆಡಬಹುದು.